ಪಟ್ಟಣದ ಕಂದಾಚಾರ ಚಾವಡಿ

ಶ್ರೀರಂಗಪಟ್ಟಣ ಎಂದೊಡನೆ 1799ರ ಮೇ 4 ನೆನಪಾಗುತ್ತದೆ, ಕೋಟೆ ಬಿದ್ದ ದಿನ. ಅದಕ್ಕೆ ಮುಂಚೆ ಒಂದು ಶತಮಾನ ಕಾಲ ಆ ಕೋಟೆಯ ಸೈನ್ಯವನ್ನು ಸಾಕಿ ನಡೆಸಿದ ಕಚೇರಿ ಯಾರಿಗೂ ನೆನಪಾಗುವುದಿಲ್ಲ. ದೊರೆಗಳ ಶೌರ್ಯದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಸಿಪಾಯಿಗೆ ಸಂಬಳ ಬಟವಾಡೆ ಮಾಡಿದವರ, ಮದ್ದು ಅರೆಸಿದವರ, ಫಿರಂಗಿಗೆ ಎತ್ತು ಹೊಂದಿಸಿದವರ ಕಥೆ ಇಲ್ಲಾದರೂ ಬರಲಿ.

ಚಿಕ್ಕದೇವರಾಜ ಒಡೆಯರು (1673–1704) ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ, ಅಂದರೆ ಇಲಾಖೆಗಳಾಗಿ, ವಿಂಗಡಿಸಿದರು. ಅದೇ ಅಠಾರಾ ಕಚೇರಿ. ಅದರಲ್ಲಿ ಎರಡು ಸೈನ್ಯದ ಲೆಕ್ಕಕ್ಕೇ ಮೀಸಲು: ನಾಡಿನ ಪಡೆಗೆ ಸೀಮೆಯ ಕಂದಾಚಾರ ಚಾವಡಿ, ರಾಜಧಾನಿಯ ಪಡೆಗೆ ಬಾಗಿಲ ಕಂದಾಚಾರ ಚಾವಡಿ. ಕಂದಾಚಾರ ಎಂದರೆ ಇಲ್ಲಿ ಸೈನ್ಯದ ಆಡಳಿತ; ಅದರ ಆಳು ಬಹುಮಟ್ಟಿಗೆ ಹಳ್ಳಿಯ ಒಕ್ಕಲಿನವನೇ. ಅಂಚೆ ಮತ್ತು ಬೇಹಿಗೆ ಒಂದು ಚಾವಡಿ, ಕಬ್ಬಿಣಕ್ಕೆ ಇನ್ನೊಂದು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಸಾಕಿದ್ದ ಆ ದನಗಳ ಹಿಂಡನ್ನು ಹೈದರಾಲಿ ಬೆಳೆಸಿ ದಂಡಿನ ಸಾಗಾಟಕ್ಕೆ ಹಚ್ಚಿದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ಮೇವಿಗೆ ಕಾವಲುಗಳನ್ನು ಕಾಯ್ದಿರಿಸಿದ. ಮೈಸೂರಿನ ಫಿರಂಗಿಗಳು ಶತ್ರು ಎಣಿಸಿದ್ದಕ್ಕಿಂತ ಮೊದಲೇ ಘಟ್ಟ ಇಳಿಯುತ್ತಿದ್ದುದು ಈ ಎತ್ತುಗಳ ಕಾಲ್ಬಲದಿಂದ. ಮೈಸೂರನ್ನು ಗೆದ್ದ ಇಂಗ್ಲಿಷರೂ ಈ ತಳಿಯನ್ನು ಬಿಡದೆ ತಮ್ಮ ದಂಡಿಗೆ ಬಳಸಿಕೊಂಡರು.

ಸೈನ್ಯದ ಸುಧಾರಣೆ ಸುಮ್ಮನೆ ಬರಲಿಲ್ಲ, ಸೋಲು ಕಲಿಸಿತು. 1771ರ ಮಾರ್ಚ್‌ನಲ್ಲಿ ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಹಿಮ್ಮೆಟ್ಟುತ್ತಿದ್ದ ಹೈದರನ ದಂಡು ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿ ಬಳಿ ಮರಾಠರ ಕೈಗೆ ಸಿಕ್ಕಿ ಚೆಲ್ಲಾಪಿಲ್ಲಿಯಾಯಿತು. ಹೈದರ್ ಹೇಗೋ ಪಟ್ಟಣ ಸೇರಿ ಸೈನ್ಯವನ್ನು ಮತ್ತೆ ಕಟ್ಟಿದ. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಹಿರೋಡೆ, ಅಂದರೆ ಇಂದಿನ ಪಾಂಡವಪುರ, ‘ಫ್ರೆಂಚ್ ರಾಕ್ಸ್’ ಆಯಿತು. ಅಲ್ಲಿನ ರೈಲು ನಿಲ್ದಾಣಕ್ಕೂ ಬಹುಕಾಲ ಅದೇ ಹೆಸರಿತ್ತು.

ಟಿಪ್ಪುವಿನ ಕಾಲಕ್ಕೆ ಈ ಸೇನಾ ಆಡಳಿತ ಇಂದಿನ ರಕ್ಷಣಾ ಸಚಿವಾಲಯಕ್ಕೆ ಹತ್ತಿರವಾದ ರೂಪ ಪಡೆಯಿತು. ಪಡೆಗಳ ಹೊಣೆ ಮೀರ್ ಮೀರಾನ್ ಕಚೇರಿಗೆ, ಕೋಟೆ ಮತ್ತು ಮದ್ದುಗುಂಡಿನ ಹೊಣೆ ಮೀರ್ ಸದರ್ ಕಚೇರಿಗೆ. 1796ರಲ್ಲಿ ನೌಕಾಪಡೆಗೂ ಪ್ರತ್ಯೇಕ ಕಚೇರಿ ಬಂತು. ಕವಾಯತು, ಶಿಸ್ತುಗಳನ್ನೆಲ್ಲ ವಿವರಿಸುವ ‘ಫತ್‌ಹುಲ್ ಮುಜಾಹಿದೀನ್’ ಎಂಬ ಕೈಪಿಡಿಯೇ ಇತ್ತು.

ಈ ವ್ಯವಸ್ಥೆಯ ಹೆಸರುವಾಸಿ ಆಯುಧ ಕಬ್ಬಿಣದ ಬಾಣ, ಅಂದರೆ ರಾಕೆಟ್. ಒಂದು ಗೇಣು ಆಸುಪಾಸಿನ ಕಬ್ಬಿಣದ ಕೊಳವೆ, ಒಳಗೆ ಗಿಡಿದ ಮದ್ದು, ಚರ್ಮದ ಪಟ್ಟಿಯಿಂದ ಬಿಗಿದ ಉದ್ದನೆಯ ಬಿದಿರು. ಕಾಗದದ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆಯುತ್ತಿತ್ತು. ಅದರಿಂದಲೇ ಬಾಣ ಒಂದು ಕಿಲೋಮೀಟರಿಗೂ ಆಚೆ ಹಾರುತ್ತಿತ್ತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದನ್ನು ಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದಲ್ಲಿ ಈಗಲೂ ನೋಡಬಹುದು. ಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನ ವೂಲ್ವಿಚ್‌ಗೆ ಹೋದ ಈ ಬಾಣಗಳ ಜಾಡಿನಲ್ಲೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ.

ಈ ಯುದ್ಧಗಳ ಬೆಲೆ ತೆತ್ತವರು ಸುತ್ತಲಿನ ಸೀಮೆಯವರು. 1792ರ ಹೊತ್ತಿಗೆ ಪರಶುರಾಮ ಭಾವುವಿನ ಮರಾಠಾ ದಂಡು ನಾಗಮಂಗಲವನ್ನು ಹಾಳುಗೆಡವಿತು. ಇಂದಿನ ಕೆ.ಆರ್. ಪೇಟೆಯಾದ ಅತ್ತಿಗುಪ್ಪೆ ಸೀಮೆಯೂ ರಾಜಧಾನಿಯ ಮಗ್ಗುಲಲ್ಲೇ ಇತ್ತು. ದಂಡು ಯಾರದೇ ಇರಲಿ, ಹೊಲದ ಬೆಳೆ ಮತ್ತು ಕೊಟ್ಟಿಗೆಯ ದನ ಮೊದಲು ಹೋಗುತ್ತಿದ್ದವು. ಇದನ್ನು ಬಿಟ್ಟು ಬರೆದ ಸೇನಾ ಚರಿತ್ರೆಯನ್ನು ನಾನು ಒಪ್ಪಲಾರೆ.

ಪಟ್ಟಣ ಬಿದ್ದ ಮೇಲೆ 1799ರ ಒಪ್ಪಂದದಂತೆ ರಕ್ಷಣೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು, ಮೈಸೂರು ವರ್ಷಕ್ಕೆ ಏಳು ಲಕ್ಷ ವರಹ ಕಟ್ಟಬೇಕಾಯಿತು. ಕಂದಾಚಾರದ ಆಳುಗಳು ಪೊಲೀಸ್ ಕೆಲಸಕ್ಕೆ ಬಂದರು. 1809ರಲ್ಲಿ ಬೆಂಗಳೂರು ದಂಡು ಪ್ರದೇಶ ತಲೆಯೆತ್ತಿತು, ಸೈನ್ಯ ಅಲ್ಲಿಗೆ ಸರಿದು ಪಟ್ಟಣ ಬಡವಾಯಿತು.

ಪಟ್ಟಣದಲ್ಲಿ ಇಂದು ಉಳಿದಿರುವುದು ಮದ್ದಿನ ಮನೆಗಳು. ದಪ್ಪ ಗೋಡೆ, ಇಟ್ಟಿಗೆ ಗಾರೆಯ ಕಟ್ಟಡಗಳು. ರೈಲು ಹಳಿ ಜೋಡಿಯಾಗುವಾಗ ಅಡ್ಡ ಬಂದ ಒಂದನ್ನು ಕೆಡವದೆ, ಸುಮಾರು ಸಾವಿರ ಟನ್ ತೂಕದ ಇಡೀ ಕಟ್ಟಡವನ್ನು 2017ರಲ್ಲಿ ಬುಡಸಹಿತ ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಉಳಿಸಲಾಯಿತು. ಇದು ಮೆಚ್ಚಬೇಕಾದ ಕೆಲಸ. ಉಳಿದವಕ್ಕೂ ಅಷ್ಟೇ ಕಾಳಜಿ ಸಿಗಲಿ, ಒಳಗೆ ಏನು ನಡೆಯುತ್ತಿತ್ತೆಂದು ತಿಳಿಸುವ ಕನ್ನಡ ಫಲಕ ಬರಲಿ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳ ಯಾವುದೇ ಹಳೆಮನೆಯ ಅಟ್ಟದಲ್ಲಿ ಕಂದಾಚಾರದ ಸನದು, ಕಡತಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪತ್ರಾಗಾರ ಇಲಾಖೆಗೆ ಒಮ್ಮೆ ತೋರಿಸಿ.