ಕೊನೆಗೆ ಗೆದ್ದವರು ಯಾರು? ಬಾದಾಮಿ–ಕಂಚಿಯ ಗಡಿವ್ಯಾಜ್ಯ



ಬಾದಾಮಿಯ ಸೀಮೆಯಲ್ಲಿ ಇತಿಹಾಸ ಕಲಿಸುವವನಿಗೆ ಒಂದು ಅನುಕೂಲವೂ ಒಂದು ತೊಡಕೂ ಉಂಟು. ಪುಸ್ತಕದಲ್ಲಿರುವುದನ್ನು ಬೆರಳು ಮಾಡಿ ತೋರಿಸಬಹುದೆಂಬುದು ಅನುಕೂಲ. ಮಕ್ಕಳು ಇಮ್ಮಡಿ ಪುಲಿಕೇಶಿಯನ್ನು ತಮ್ಮ ಓಣಿಯ ಹಿರಿಯನೆಂದೇ ಭಾವಿಸಿರುತ್ತಾರೆ, ಅವನು ಸೋತನೆಂದರೆ ಅವರ ಮುಖ ಬಾಡುತ್ತದೆ ಎಂಬುದು ತೊಡಕು. ಹರ್ಷನನ್ನು ನರ್ಮದೆಯಲ್ಲಿ ತಡೆದ ಪಾಠಕ್ಕೆ ಎದೆಯುಬ್ಬಿಸಿ ಕುಳಿತ ತರಗತಿ 642ರ ಪಾಠ ಬಂದೊಡನೆ ಮೌನವಾಗುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಯಾರಾದರೂ ಕೇಳುತ್ತಿದ್ದರು: “ಹಂಗಾರ ಕಡೀಕ ಗೆದ್ದಾವ್ರು ಯಾರ್ರೀ ಸರ್?” ಈ ಪ್ರಶ್ನೆಗೆ ಒಂದು ಪಿರಿಯಡ್ ಸಾಲದು. ನಿವೃತ್ತನಾದವನಿಗೆ ಗಂಟೆಯ ಹಂಗಿಲ್ಲದಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲಿಗೆ, ಜಗಳವಾದರೂ ಯಾವುದಕ್ಕೆ? ತುಂಗಭದ್ರೆಯಿಂದ ದಕ್ಷಿಣಕ್ಕೆ ಪಾಲಾರ್ ನದಿಯವರೆಗಿನ ಭೂಮಿಯನ್ನು ನಕಾಶೆಯಲ್ಲಿ ನೋಡಿರಿ. ಇಂದಿನ ರಾಯಲಸೀಮೆಯ ಬಹುಭಾಗ ಅದರಲ್ಲಿ ಸೇರುತ್ತದೆ. ಬಾಣರಂತಹ ಸಣ್ಣ ಅರಸರು ಅಲ್ಲಿದ್ದರು. ಯಾರ ಕೈ ಮೇಲಾದರೆ ಅವರಿಗೆ ಕಪ್ಪ ಕೊಟ್ಟು ಬದುಕುತ್ತಿದ್ದರು. ಪೂರ್ವಕ್ಕೆ ಕೃಷ್ಣಾ–ಗೋದಾವರಿಗಳ ಫಲವತ್ತಾದ ವೆಂಗಿ ನಾಡು. ಪುಲಿಕೇಶಿ ಅದನ್ನು ಗೆದ್ದು ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ಕೂರಿಸಿದ. ಪಲ್ಲವರ ಹಳೆಯ ದಾನಪತ್ರಗಳಲ್ಲಿ ಹಲವು ಆಂಧ್ರ ಪ್ರದೇಶಕ್ಕೆ ಸೇರಿದವು. ಅವರ ದೃಷ್ಟಿಯಲ್ಲಿ ಅದು ಕೈಬಿಟ್ಟು ಹೋದ ಪಿತ್ರಾರ್ಜಿತ. ಹೊಲದ ಬದುವಿನ ವ್ಯಾಜ್ಯ ಮೂರು ತಲೆಮಾರು ಕೋರ್ಟಿಗೆ ಅಲೆದದ್ದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕ್ರಿ.ಶ. 634ರ ಸುಮಾರಿಗೆ ರವಿಕೀರ್ತಿ ರಚಿಸಿದ ಐಹೊಳೆಯ ಮೇಗುತಿ ಶಾಸನದ ಪ್ರಕಾರ ಪಲ್ಲವರಾಜ ಕಂಚಿಯ ಕೋಟೆಯೊಳಗೆ ಅಡಗಿದ. ಪಲ್ಲವರ ಕಾಶಾಕುಡಿ ತಾಮ್ರಪಟವು ಮಹೇಂದ್ರವರ್ಮ ಪುಳ್ಳಲೂರಿನಲ್ಲಿ ಶತ್ರುಗಳನ್ನು ಸದೆಬಡಿದನೆಂದು ಹೇಳುತ್ತದೆ. ಎರಡೂ ಒಂದೇ ದಂಡಯಾತ್ರೆಯ ಮಾತೆಂದು ವಿದ್ವಾಂಸರ ಊಹೆ. ಶಾಸನ ಬರೆಸುವವನು ಸೋತೆನೆಂದು ಬರೆಸುವುದು ಅಪರೂಪ!

ಮೇಗುತಿ ಶಾಸನ ಕೆತ್ತಿದ ಎಂಟೇ ವರ್ಷಗಳಲ್ಲಿ ಮಹೇಂದ್ರವರ್ಮನ ಮಗ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ‘ವಾತಾಪಿಕೊಂಡ’ನೆನಿಸಿದ. ಊರ ನಡುವಿನ ವಿಜಯಸ್ತಂಭವನ್ನೂ ವಶಪಡಿಸಿಕೊಂಡನೆಂದು ಪಲ್ಲವರ ದಾಖಲೆ ಹೇಳುತ್ತದೆ. ಅವನ 13ನೆಯ ಆಳ್ವಿಕೆ ವರ್ಷದ ಶಾಸನ ಬಾದಾಮಿಯ ಬಂಡೆಯ ಮೇಲೆ ಸವೆದ ಸ್ಥಿತಿಯಲ್ಲಿ ಇಂದಿಗೂ ಇದೆ. ಸುಮಾರು ಹನ್ನೆರಡು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು. ಆದರೆ ಬಾದಾಮಿಗೂ ಕಂಚಿಗೂ ನೇರ ಗೆರೆ ಎಳೆದರೂ ಸುಮಾರು 550 ಕಿ.ಮೀ. ಅಷ್ಟು ದೂರದ ಊರನ್ನು ಹಿಡಿಯುವುದು ಒಂದು ಋತುವಿನ ಕೆಲಸ, ಉಳಿಸಿಕೊಳ್ಳುವುದು ಬೇರೆಯೇ ಮಾತು. 654–55ರ ಹೊತ್ತಿಗೆ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ.

ಅಲ್ಲಿಗೆ ಮುಗಿಯಬಹುದಿತ್ತು, ಮುಗಿಯಲಿಲ್ಲ. ವಿಕ್ರಮಾದಿತ್ಯ ಕಂಚಿಯ ಮೇಲೆ ಏರಿಹೋಗಿ 674ರಲ್ಲಿ ಕಾವೇರಿ ತೀರದ ಉರಗಪುರದಲ್ಲಿ ಬೀಡುಬಿಟ್ಟಿದ್ದನೆಂದು ಗದ್ವಾಲ ತಾಮ್ರಪಟದಿಂದ ತಿಳಿಯುತ್ತದೆ. ಅದೇ ವಿಕ್ರಮಾದಿತ್ಯ ಪೆರುವಳನಲ್ಲೂರಿನಲ್ಲಿ ಸೋತು ಚಿಂದಿಬಟ್ಟೆ ಹೊದ್ದು ಓಡಿದನೆಂದು ಪಲ್ಲವರ ಕೂರಂ ತಾಮ್ರಪಟ ಹೇಳುತ್ತದೆ.

ಮುಂದೆ ವಿಜಯಾದಿತ್ಯನ (696–733) ಕಾಲದಲ್ಲಿ ಬಹುವರ್ಷ ತೆರಪು ದೊರೆಯಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಕಾಲವಿದು. ಕಂಚಿಯಲ್ಲಿ ರಾಜಸಿಂಹ ಕೈಲಾಸನಾಥ ದೇವಾಲಯ ಕಟ್ಟಿಸಿದ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ, ಈಗ ಸಂಗಮೇಶ್ವರವೆಂದು ಕರೆಯುವ ವಿಜಯೇಶ್ವರವನ್ನು ಕಟ್ಟಿಸತೊಡಗಿದ. ಆದರೆ ಇದನ್ನು ಶಾಂತಿಯೆಂದು ಕರೆಯಲು ನಾನು ಹಿಂಜರಿಯುತ್ತೇನೆ. ಗಡಿ ಇಲ್ಲಿಗೆ ನಿಂತಿತು ಎಂದು ಇಬ್ಬರೂ ಒಪ್ಪಿದ ಮಾತು ನಾನು ಓದಿದ ಯಾವ ಶಾಸನದಲ್ಲಿಯೂ ಇಲ್ಲ. ದಣಿವಾರಿಸಿಕೊಂಡರು, ಅಷ್ಟೇ. ವಿಜಯಾದಿತ್ಯನ ಕೊನೆಗಾಲದಲ್ಲಿ ಯುವರಾಜ ವಿಕ್ರಮಾದಿತ್ಯ ಪುನಃ ಕಂಚಿಗೆ ಹೊರಟ. ಪಟ್ಟವೇರಿದ ಮೇಲೆ ಮತ್ತೊಮ್ಮೆ. ಅನಂತರ ಅವನ ಮಗ ಕೀರ್ತಿವರ್ಮ. ಕಂಚಿಯನ್ನು ಮೂರು ಬಾರಿ ಗೆದ್ದವನೆಂಬ ಇಮ್ಮಡಿ ವಿಕ್ರಮಾದಿತ್ಯನ ಬಿರುದನ್ನು ಇತಿಹಾಸಕಾರರು ಹೀಗೆ ಎಣಿಸುತ್ತಾರೆ. ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಆ ಗೆಲುವಿನ ಸ್ಮಾರಕ.

ಈ ಅರಸ ಕಂಚಿಯನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರದ ಐಶ್ವರ್ಯವನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟ. ದೊಡ್ಡ ಗುಣ, ಒಪ್ಪುತ್ತೇನೆ. ಆದರೆ ಚಿನ್ನ ಮರಳಿತೇ ಹೊರತು ವೆಂಗಿಯಾಗಲಿ ನಡುವಿನ ನಾಡಾಗಲಿ ಚರ್ಚೆಗೆ ಬರಲಿಲ್ಲ. ನಿಮಗೆ ಅಲ್ಸೇಸ್ ಪಾಠ ನೆನಪಿರಬಹುದು. 1871ರಿಂದ 1945ರವರೆಗೆ ನಾಲ್ಕು ಬಾರಿ ಕೈಬದಲಾದ ಆ ಪ್ರಾಂತದ ವಿಚಾರದಲ್ಲಿ ಫ್ರಾನ್ಸ್ ಮತ್ತು ಜರ್ಮನಿ 1951ರಲ್ಲಿ ಕಲ್ಲಿದ್ದಲು–ಉಕ್ಕಿನ ಒಪ್ಪಂದಕ್ಕೆ ಸಹಿ ಹಾಕಿ ಒಂದೇ ಮೇಜಿಗೆ ಬಂದವು. ಬಾದಾಮಿ–ಕಂಚಿಗಳಿಗೆ ಅಂಥ ಮೇಜು ದೊರೆಯಲಿಲ್ಲ.

ಇಬ್ಬರೂ ದಕ್ಷಿಣೋತ್ತರವಾಗಿ ನೋಡುತ್ತಿರುವಾಗ ಚಾಲುಕ್ಯರ ಅಧೀನದಲ್ಲಿದ್ದ ರಾಷ್ಟ್ರಕೂಟ ದಂತಿದುರ್ಗ ಬೆಳೆದ. 753ರ ಹೊತ್ತಿಗೆ ಅವನು ಕೀರ್ತಿವರ್ಮನನ್ನು ಮಣಿಸಿದ್ದ. ಪಲ್ಲವರನ್ನು ಒಂಬತ್ತನೆಯ ಶತಮಾನದ ಕೊನೆಗೆ ಅವರದೇ ಸಾಮಂತರಾಗಿದ್ದ ಚೋಳರು ನುಂಗಿದರು. ವ್ಯಾಜ್ಯ ಮಾತ್ರ ವಾರಸುದಾರರಿಗೆ ಇಳಿಯಿತು: 949ರ ತಕ್ಕೋಲಂನಲ್ಲಿ ರಾಷ್ಟ್ರಕೂಟರು ಮತ್ತು ಚೋಳರು, 1054ರ ಕೊಪ್ಪಂನಲ್ಲಿ ಕಲ್ಯಾಣ ಚಾಲುಕ್ಯರು ಮತ್ತು ಚೋಳರು. ವೆಂಗಿಯ ಮೇಲಿನ ಹಗ್ಗಜಗ್ಗಾಟ ಆಗಲೂ ನಡೆದೇ ಇತ್ತು. ಹಿಂದಿನ ಬೆಂಚಿನ ಪ್ರಶ್ನೆಗೆ ನನ್ನ ಉತ್ತರ ಇದೇ: ಊರುಗಳನ್ನು ಇಬ್ಬರೂ ಗೆದ್ದರು, ಗಡಿಯನ್ನು ಯಾರೂ ಗೆಲ್ಲಲಿಲ್ಲ.

ಚೆನ್ನೈನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಬಿಡುವು ಮಾಡಿಕೊಂಡು ಕಂಚಿಯ ಕೈಲಾಸನಾಥಕ್ಕೆ ಹೋಗಿಬನ್ನಿ. ಮುಂಭಾಗದ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಅಕ್ಷರಗಳು ಮಾಸಿವೆ, ಬೆಳಗಿನ ಹೊತ್ತು ಓರೆ ಬೆಳಕಿನಲ್ಲಿ ನೋಡಿದರೆ ಒಳ್ಳೆಯದು.