ನಂಬರು ಕಚೇರಿಯದ್ದೋ, ಸಾಹೇಬರದ್ದೋ? ಸಿಪ್ ಟ್ರಂಕ್ ಜೋಡಿಸುವವರು ತಿಳಿದಿರಬೇಕಾದ್ದು

"ಸಾಹೇಬ್ರು ವರ್ಗ ಆಗ್ಯಾರ್ರಿ, ಈ ನಂಬರ್ ಅವ್ರ ಜೊತಿಗೇ ಹೋತು."

ಶಿಗ್ಗಾವಿ ತಾಲ್ಲೂಕಿನ ನಮ್ಮ ಹುಲಗೂರಿನಲ್ಲಿ ನಾನು ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಲ್ಯಾಂಡ್‌ಲೈನ್‌ಗಳು ಒಂದೊಂದಾಗಿ ಸತ್ತ ಮೇಲೆ ಸಾರ್ವಜನಿಕ ಸಂಸ್ಥೆಗಳ ಫೋನ್ ಯಾರದ್ದೋ ಜೇಬು ಸೇರಿತು. ರೈತ ಯಾರಿಗೆ ಫೋನ್ ಹಚ್ಚಬೇಕು ಅನ್ನುವುದು ವರ್ಗಾವಣೆ ಆದೇಶದ ಮೇಲೆ ನಿಂತಿದೆ. ಕಳೆದ ವರ್ಷ ಹತ್ತಿರದ ಒಂದು ಸಹಕಾರಿ ಸಂಘಕ್ಕೆ ಸಿಪ್ ಟ್ರಂಕ್ ಜೋಡಿಸಲು ಕೂತದ್ದು ಇದೇ ಸಿಟ್ಟಿಗೆ. (ಮ್ಯೂಚುವಲ್ ಫಂಡ್‌ನ ಎಸ್‌ಐಪಿ ಅಲ್ಲ, ಮ್ಯಾನೇಜರರೂ ಮೊದಲು ಹಾಗೇ ತಿಳಿದಿದ್ದರು.)

ಟ್ರಂಕ್ ಅಂದರೆ ಕಚೇರಿಯ ಪಿಬಿಎಕ್ಸ್ ಮತ್ತು ಟೆಲಿಕಾಂ ಕಂಪನಿಯ ನಡುವಿನ ಹಾದಿ. ಹಿಂದೆ ಇದಕ್ಕೆ 30 ಕರೆಗಳ ಪಿಆರ್‌ಐ ತಂತಿ ಇತ್ತು, ಈಗ ಅದೇ ಕೆಲಸವನ್ನು ಇಂಟರ್ನೆಟ್ ಮಾದರಿಯ ಜಾಲ ಮಾಡುತ್ತದೆ. 2002ರಲ್ಲಿ ಈಗಿನ ರೂಪ ಪಡೆದ ಸಿಪ್ ಕರೆಯನ್ನು ಕಟ್ಟುತ್ತದೆ, ಮುರಿಯುತ್ತದೆ. ದನಿ ಮಾತ್ರ ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ ಹೋಗುತ್ತದೆ. ಅರ್ಧ ತೊಂದರೆಗಳು ಹುಟ್ಟುವುದು ಈ ಎರಡು ದಾರಿಗಳಿಂದಲೇ.

ನಮಗೂ ಹಾಗೇ ಆಯಿತು. ಮೊದಲ ಕರೆ ಬಂತು, ಎತ್ತಿದೆವು. ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದ್ದು ನಮಗಿಲ್ಲ. ಮ್ಯಾನೇಜರರು ಹತ್ತು ನಿಮಿಷ "ಹಲೋ, ಹಲೋ" ಅಂದರು. ಕರೆ ಕಟ್ಟುವಾಗ ಪಿಬಿಎಕ್ಸ್ "ದನಿಯನ್ನು ಈ ವಿಳಾಸಕ್ಕೆ ಕಳಿಸಿ" ಅಂತ ಬರೆದು ಕೊಡುತ್ತದೆ. ನಮ್ಮದು ಕಚೇರಿಯೊಳಗಿನ 192.168 ವಿಳಾಸ ಬರೆದುಕೊಟ್ಟಿತ್ತು. ಅದು ಹೊರಗಿನವರಿಗೆ ಮುಟ್ಟುವಂಥದ್ದಲ್ಲ. ನಮ್ಮಲ್ಲಿ ಕಂಪನಿಗಳು ಟ್ರಂಕನ್ನು ಸಾಮಾನ್ಯವಾಗಿ ಪ್ರತ್ಯೇಕ ಖಾಸಗಿ ಲಿಂಕ್ ಮೇಲೆ ಕೊಡುತ್ತವೆ. ಹಾಗಾಗಿ ಪಿಬಿಎಕ್ಸ್‌ಗೆ ಎರಡು ನೆಟ್‌ವರ್ಕ್ ಪೋರ್ಟ್ ಬೇಕು: ಒಂದು ಕಚೇರಿಗೆ, ಇನ್ನೊಂದು ಟ್ರಂಕ್‌ಗೆ. ಕಂಪನಿಯ ಸಿಗ್ನಲಿಂಗ್ ಸರ್ವರ್ ಒಂದು ಕಡೆ, ದನಿಯ ಸರ್ವರ್ ಇನ್ನೊಂದು ಕಡೆ ಇರಬಹುದು. ಎರಡಕ್ಕೂ ಸ್ಟ್ಯಾಟಿಕ್ ರೂಟ್ ಬರೆಯಿರಿ. ಟ್ರಂಕ್ ಸಾಮಾನ್ಯ ಇಂಟರ್ನೆಟ್ ಮೇಲೇ ಬರುತ್ತಿದ್ದರೆ ರೂಟರ್‌ನಲ್ಲಿ 'ಸಿಪ್ ಎಎಲ್‌ಜಿ' ಅನ್ನುವುದನ್ನು ಆರಿಸಿಬಿಡಿ. ಅದು ಉಪಕಾರ ಮಾಡಲು ಹೋಗಿ ಕೆಡಿಸುವುದೇ ಹೆಚ್ಚು.

ಕೋಡೆಕ್ ಪಟ್ಟಿಯಲ್ಲಿ ಜಿ.711 ಎ-ಲಾ ಮೊದಲಿರಲಿ. ಒಂದು ಕರೆಗೆ ಒಂದೊಂದು ದಿಕ್ಕಿಗೂ ಸುಮಾರು 90 ಕೆಬಿಪಿಎಸ್ ಬೇಕು, ಹತ್ತು ಕರೆಗೆ 1 ಎಂಬಿಪಿಎಸ್ ಸಾಕು. ನಂಬರಿನ ರೂಪವೂ ಕಾಡುತ್ತದೆ. ಹಾವೇರಿಯ 08375 ನಂಬರು ಟ್ರಂಕ್ ಮೇಲೆ 8375 ಎಂದೋ +918375 ಎಂದೋ ಬರಬಹುದು. ಒಳಬರುವ ನಿಯಮ ಅದಕ್ಕೆ ಅಕ್ಷರಶಃ ಹೊಂದದಿದ್ದರೆ ಕರೆ ಬಾಗಿಲಲ್ಲೇ ಸಾಯುತ್ತದೆ. ಹೊರಗೆ ಕರೆ ಮಾಡುವಾಗ ಕಂಪನಿ ಕೊಟ್ಟ ನಂಬರನ್ನೇ ತೋರಿಸಬೇಕು, ಇಲ್ಲದಿದ್ದರೆ ತಿರಸ್ಕಾರ.

ಇನ್ನು ಸುರಕ್ಷತೆ, ಇಲ್ಲಿ ಸಡಿಲ ಬಿಡಬೇಡಿ. ಎಕ್ಸ್‌ಟೆನ್ಶನ್ 101ಕ್ಕೆ ಪಾಸ್‌ವರ್ಡೂ 101 ಇಟ್ಟು 5060 ಪೋರ್ಟನ್ನು ಜಗತ್ತಿಗೆ ತೆರೆದರೆ, ಯಾರೋ ರಾತ್ರಿಯೆಲ್ಲಾ ನಿಮ್ಮ ಲೈನಿನಿಂದ ವಿದೇಶಕ್ಕೆ ಕರೆ ಮಾಡುತ್ತಾರೆ. ಬಿಲ್ಲು ಸಂಘದ ಸದಸ್ಯರ ದುಡ್ಡಿನಿಂದ ಹೋಗುತ್ತದೆ. 00ಯಿಂದ ಶುರುವಾಗುವ ಕರೆಗಳನ್ನು ಪಿಬಿಎಕ್ಸ್‌ನಲ್ಲೂ ಮುಚ್ಚಿ, ಕಂಪನಿಗೆ ಬರೆದುಕೊಟ್ಟು ಅಲ್ಲೂ ಮುಚ್ಚಿಸಿ. 2024ರ ಆಗಸ್ಟ್ 13ರಂದು ಟ್ರಾಯ್ ಹೊರಡಿಸಿದ ಆದೇಶದಲ್ಲಿ, ನೋಂದಣಿಯಿಲ್ಲದೆ ಸಿಪ್ ಅಥವಾ ಪಿಆರ್‌ಐ ಮೂಲಕ ಪ್ರಚಾರದ ಕರೆ ಮಾಡಿದರೆ ಎಲ್ಲ ಸಂಪರ್ಕ ಕಡಿತವಾಗಿ, ಎರಡು ವರ್ಷದವರೆಗೆ ಕಪ್ಪುಪಟ್ಟಿ ಸೇರಬೇಕಾಗುತ್ತದೆ ಎಂದಿತ್ತು. ಚುನಾವಣೆ ಹೊತ್ತಿಗೆ "ನಿಮ್ಮ ಲೈನ್ ಎರಡು ದಿನ ಕೊಡ್ರಿ" ಅಂತ ಯಾರಾದರೂ ಬಂದರೆ ಈ ಆದೇಶ ತೋರಿಸಿ.

ನನಗೆ ಹೆಚ್ಚು ಚುಚ್ಚುವ ವಿಷಯ ಬೇರೆ. ನಮ್ಮ ದೇಶದಲ್ಲಿ ನಂಬರ್ ಪೋರ್ಟಬಿಲಿಟಿ ಮೊಬೈಲಿಗಷ್ಟೇ ಇದೆ. ಲ್ಯಾಂಡ್‌ಲೈನ್ ನಂಬರನ್ನು ಇನ್ನೊಂದು ಕಂಪನಿಗೆ ಒಯ್ಯಲು ಬರುವುದಿಲ್ಲ. ಅಂದರೆ ಸಾಹೇಬರ ಜೇಬಿನಿಂದ ಬಿಡಿಸಿಕೊಂಡ ನಂಬರು ಕಂಪನಿಯ ಜೇಬಿಗೆ ಬಿದ್ದಂತೆ. 1986ರಲ್ಲಿ ಸಿ-ಡಾಟ್ ತನ್ನ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು ಧಾರವಾಡದಾಚೆಯ ನಮ್ಮ ಕಿತ್ತೂರಿನಲ್ಲಿ. ಧೂಳು-ಬಿಸಿಲಿಗೆ ಅಂಜದ, ಏಸಿ ಬೇಡದ ಯಂತ್ರ ಅದು, ಸಾರ್ವಜನಿಕ ದುಡ್ಡಿನಲ್ಲಿ ಹುಟ್ಟಿದ್ದು. ಅಂಥ ನೆಲದಲ್ಲಿ ಒಂದು ಸಂಘಕ್ಕೆ ತನ್ನ ನಂಬರಿನ ಮೇಲೆ ಹಕ್ಕಿಲ್ಲ ಅನ್ನುವುದನ್ನು ಟ್ರಾಯ್ ಮುಂದೆ ಕೇಳಲೇಬೇಕು. ಅಲ್ಲಿಯವರೆಗೆ ಕರಾರು ಸಂಸ್ಥೆಯ ಹೆಸರಲ್ಲೇ ಇರಲಿ. ಪಿಬಿಎಕ್ಸ್‌ನ ಅಡ್ಮಿನ್ ಪಾಸ್‌ವರ್ಡ್ ನನ್ನಂಥ ಜೋಡಿಸುವವನ ಹತ್ತಿರ ಮಾತ್ರ ಇರಬಾರದು. ಅದನ್ನು ಲಕೋಟೆಯಲ್ಲಿ ಹಾಕಿ, ಮೊಹರು ಹಚ್ಚಿ ಸಂಘದ ತಿಜೋರಿಯಲ್ಲಿಡಿ.

ಕೊನೆಗೆ ಕರೆಂಟು. ಹಳೆಯ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು, ಊರು ಕತ್ತಲಾದರೂ ಫೋನ್ ಜೀವಂತ ಇರುತ್ತಿತ್ತು. ಈಗ ಹಾಗಿಲ್ಲ. ಫೈಬರ್ ಡಬ್ಬಿ, ರೂಟರ್, ಸ್ವಿಚ್, ಪಿಬಿಎಕ್ಸ್ ಎಲ್ಲವೂ ಒಂದೇ ಯುಪಿಎಸ್ ಮೇಲಿರಲಿ. ಟ್ರಂಕ್ ಬಿದ್ದಾಗ ಕರೆ ಒಂದು ಮೊಬೈಲಿಗೆ ಹೋಗುವಂತೆ ಕಂಪನಿಯ ಕಡೆಯಿಂದಲೇ ಫಾರ್ವರ್ಡ್ ಮಾಡಿಸಿ. ಆ ಮೊಬೈಲಿನ ಸಿಮ್ ಸಂಘದ ಹೆಸರಿನದ್ದಾಗಿರಬೇಕು. ಇದನ್ನು ಪರೀಕ್ಷಿಸಲು ಸಂತೆಯ ದಿನ, ಜನ ಇರುವ ಹೊತ್ತಲ್ಲೇ ಟ್ರಂಕಿನ ಕೇಬಲ್ ಕಿತ್ತು ನೋಡಿ. ನಾವು ಕಿತ್ತಾಗ ಮೊದಲ ಎರಡು ಕರೆ ಎಲ್ಲಿಗೂ ಮುಟ್ಟಲಿಲ್ಲ.