ನೂಲಿನ ಸೀಮೆಯ ಸಮಾನತೆಯ ಸಂಘಗಳು

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಶಾಂತಿ, ಸಮಾನತೆಗಳಿಗಾಗಿ ದುಡಿದ ಸಣ್ಣ ಸಂಘಗಳ ಚರಿತ್ರೆಯನ್ನು ನೋಡಹೊರಟವರಿಗೆ ಮೊದಲು ಕಣ್ಣಿಗೆ ಬೀಳುವುದು ಅವುಗಳ ಬೇರು ಬಹುಮಟ್ಟಿಗೆ ದುಡಿಮೆಯ ಜಾಗದಲ್ಲಿದೆ ಎಂಬ ಸಂಗತಿ. ಗಿರಣಿ, ಮಗ್ಗ, ಬನಿಯನ್ ಕಾರ್ಖಾನೆ, ಪೌರಕಾರ್ಮಿಕರ ಕೇರಿ ಇವುಗಳ ನಡುವೆ ಹುಟ್ಟಿದ ಈ ಸಂಘಗಳ ಕಥೆಯಲ್ಲಿ ಕನ್ನಡ ಮನೆಮಾತಿನವರ ಪಾಲೂ ಇದೆ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಆಮೇಲೆ ಗಡಿ ಬದಲಾಯಿತೇ ಹೊರತು ಜನ ತಾವಿದ್ದಲ್ಲೇ ಉಳಿದರು. ಸಿರುಮುಗೈ, ನೆಗಮಂ ಊರುಗಳ ನೇಕಾರ ದೇವಾಂಗರು, ಕಾರಮಡೈ ಸುತ್ತಿನ ಒಕ್ಕಲಿಗರು, ತಿರುಪ್ಪೂರು ಕಡೆಯ ಅನುಪ್ಪರು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಕಲಿತವರು. ಚರ್ಮದ ಕೆಲಸ ಮತ್ತು ಜಾಡಮಾಲಿ ಕೆಲಸವನ್ನು ಜಾತಿಯ ಹೆಸರಿನಲ್ಲಿ ಹೊರಬೇಕಾಗಿ ಬಂದ ಅರುಂಧತಿಯರ್ ಎಂಬ ದಲಿತ ಸಮುದಾಯದಲ್ಲಿ ತೆಲುಗು ಮಾತಿನವರ ಜೊತೆಗೆ ಕನ್ನಡ ಮಾತಿನವರೂ ಇದ್ದಾರೆ. ಕನ್ನಡಿಗರ ಸ್ಮರಣ ಸಂಚಿಕೆಗಳಲ್ಲಿ ಚೌಡೇಶ್ವರಿ ಗುಡಿಯ ಜೀರ್ಣೋದ್ಧಾರಕ್ಕೆ ಸಿಗುವಷ್ಟು ಜಾಗ ಈ ಕೊನೆಯವರಿಗೆ ಸಿಗುವುದು ಅಪರೂಪ.

ಕೊಯಮತ್ತೂರಿನ ಮೊದಲ ನೂಲಿನ ಗಿರಣಿಯನ್ನು ರಾಬರ್ಟ್ ಸ್ಟೇನ್ಸ್ 1888ರಲ್ಲಿ ಕಟ್ಟಿದನು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಯಲಿಗಿಳಿದ ಮೇಲೆ ಗಿರಣಿಗಳ ಸಂಖ್ಯೆ ಬೇಗ ಬೆಳೆಯಿತು. ಹಳ್ಳಿಗಳಲ್ಲಿ ಬೇರೆ ಬೇರೆ ಬಾವಿಯ ನೀರು ಸೇದುತ್ತಿದ್ದವರು ಒಂದೇ ಸೈರನ್ನಿಗೆ ಒಳಗೆ ಬಂದು ಒಂದೇ ಸಂಬಳದ ಪಟ್ಟಿಗೆ ಸೇರಿದರು. 1937ರಲ್ಲಿ ಮದರಾಸು ವಿಧಾನಸಭೆಗೆ ಆಯ್ಕೆಯಾದ ಎನ್. ಜಿ. ರಾಮಸ್ವಾಮಿ ಈ ಕಾರ್ಮಿಕರನ್ನು ಸಂಘಟಿಸಿ 1943ರಲ್ಲಿ, ಇನ್ನೂ ಹರೆಯದಲ್ಲೇ ತೀರಿಕೊಂಡರು. ರಂಗವಿಲಾಸ್ ಗಿರಣಿಯಲ್ಲಿ ಕಾರ್ಮಿಕ ಹೆಂಗಸರ ಮೇಲಿನ ದೌರ್ಜನ್ಯದ ಹಿನ್ನೆಲೆಯಲ್ಲಿ ನಡೆದ ಕೊಲೆಯೊಂದರ ಮೊಕದ್ದಮೆಯಲ್ಲಿ ರಾಮಯ್ಯನ್, ರಂಗಣ್ಣನ್, ವೆಂಕಟಾಚಲಂ, ಚಿನ್ನಯ್ಯನ್ ಎಂಬ ನಾಲ್ವರನ್ನು 1946ರ ಜನವರಿ 8ರಂದು ಕೊಯಮತ್ತೂರು ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು; ಆ ದಿನವನ್ನು ಕಾರ್ಮಿಕ ಸಂಘಗಳು ಇಂದಿಗೂ ಹುತಾತ್ಮರ ದಿನವಾಗಿ ಆಚರಿಸುತ್ತವೆ. ಇಂಥ ಸಂಘಗಳಿಗೆ ಬಲ ಬಂದದ್ದು ತಿಂಗಳ ಚಂದಾದಿಂದ. ಸದಸ್ಯರ ದುಡ್ಡಿನಲ್ಲಿ ನಡೆಯುವ ಸಂಘ ಸದಸ್ಯರಿಗೇ ಲೆಕ್ಕ ಒಪ್ಪಿಸಬೇಕಾದ್ದರಿಂದ ಜಗಳ, ಮುನಿಸು, ಪಕ್ಷಭೇದಗಳ ನಡುವೆಯೂ ಅದು ಉಳಿಯಿತು. ಜಾತಿಯನ್ನು ಅದು ಅಳಿಸಲಿಲ್ಲ. ಬೇರೆ ಬೇರೆ ಜಾತಿಯವರು ದಿನವೂ ಮುಖ ನೋಡಿ ಮಾತಾಡಲೇಬೇಕಾದ ಜಾಗವನ್ನು ಮಾತ್ರ ಒದಗಿಸಿತು, ಮತ್ತು ಅದೇನೂ ಸಣ್ಣ ಸಂಗತಿಯಲ್ಲ.

ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಳೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1997ರ ನವೆಂಬರ್ 29ರಂದು ಕೊಯಮತ್ತೂರಿನಲ್ಲಿ ಪೊಲೀಸ್ ಪೇದೆಯೊಬ್ಬರ ಕೊಲೆಯಾದ ಬೆನ್ನಿಗೇ ನಡೆದ ಗಲಭೆ ಮತ್ತು ಪೊಲೀಸ್ ಗೋಲಿಬಾರಿನಲ್ಲಿ 18 ಮಂದಿ ಮುಸ್ಲಿಮರು ಸತ್ತರು. 1998ರ ಫೆಬ್ರವರಿ 14ರ ಸರಣಿ ಬಾಂಬ್ ಸ್ಫೋಟಗಳಲ್ಲಿ 58 ಮಂದಿ ಸತ್ತು ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಎರಡರ ತನಿಖೆಗೂ ನ್ಯಾಯಮೂರ್ತಿ ಗೋಕುಲಕೃಷ್ಣನ್ ಆಯೋಗ ನೇಮಕವಾಯಿತು. ಗಿರಣಿ ಮುಚ್ಚಿದ್ದರಿಂದಲೇ ಗಲಭೆಯಾಯಿತೆನ್ನುವುದು ತೀರ ಸರಳವಾದ ತರ್ಕ; ಆದರೆ ವದಂತಿ ಹಬ್ಬಿದಾಗ ಎರಡೂ ಕಡೆಯ ದುಡಿಯುವವರನ್ನು ಒಂದೆಡೆ ಕೂರಿಸಬಲ್ಲ ಕಟ್ಟೆ ಆ ಹೊತ್ತಿಗೆ ಸವೆದುಹೋಗಿತ್ತೆಂಬುದನ್ನು ಅಲ್ಲಗಳೆಯುವುದು ಕಷ್ಟ. ಮುಂದೆ 2022ರ ಅಕ್ಟೋಬರ್ 23ರಂದು, ದೀಪಾವಳಿಯ ಮುನ್ನಾದಿನ, ಅದೇ ಊರಿನ ಉಕ್ಕಡಂನ ಕೋಟೆ ಈಶ್ವರನ ಗುಡಿಯೆದುರು ಕಾರು ಸ್ಫೋಟಿಸಿದಾಗ ಊರು 1998ನ್ನು ನೆನೆದು ನಡುಗಿತು. ಆದರೆ ಕೆಲವೇ ದಿನಗಳಲ್ಲಿ ಅಲ್ಲಿನ ಜಮಾತುಗಳ, ಅಂದರೆ ಮಸೀದಿಯನ್ನು ಕೇಂದ್ರವಾಗಿಟ್ಟುಕೊಂಡ ಮೊಹಲ್ಲಾ ಸಮಿತಿಗಳ, ಪ್ರತಿನಿಧಿಗಳು ತಾವಾಗಿಯೇ ಗುಡಿಗೆ ಹೋಗಿ ಅರ್ಚಕರನ್ನು ಕಂಡು ಮಾತಾಡಿದರು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಸರಣಿ ಸಾವುಗಳು ಈ ಸಲ ಮರುಕಳಿಸಲಿಲ್ಲ.

ಜಾತಿಯ ಸಂಘರ್ಷದ ಕಥೆ ಇದಕ್ಕಿಂತ ಉದ್ದವಾದದ್ದು, ಮತ್ತು ಮುಗಿದಿಲ್ಲ. ಆದಿ ತಮಿಳರ್ ಪೇರವೈ ಮೊದಲಾದ ಸಂಘಟನೆಗಳು ಅರುಂಧತಿಯರ ನಡುವೆ ಬೆಳೆದು, ಪರಿಶಿಷ್ಟ ಜಾತಿಗಳ ಮೀಸಲಾತಿಯೊಳಗೆ ತೀರ ಹಿಂದುಳಿದ ತಮಗೆ ಪ್ರತ್ಯೇಕ ಪಾಲು ಬೇಕೆಂದು ಒತ್ತಾಯಿಸಿದವು. 2009ರಲ್ಲಿ ರಾಜ್ಯ ಸರ್ಕಾರ ಶೇಕಡಾ 3ರ ಒಳಮೀಸಲಾತಿಯ ಕಾನೂನು ಮಾಡಿತು, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇಂಥ ಒಳವರ್ಗೀಕರಣವನ್ನು ಎತ್ತಿಹಿಡಿಯಿತು. ಒಳಮೀಸಲಾತಿಯ ಹೋರಾಟವನ್ನು ಕರ್ನಾಟಕದಲ್ಲೂ ಕಂಡ ಓದುಗರಿಗೆ ಇದರ ತೂಕ ಹೇಳಬೇಕಾಗಿಲ್ಲ. ಆದರೆ 2009ರ ಆ ಕಾನೂನು ಬಂದ ಹತ್ತು ವರ್ಷಕ್ಕೆ, 2019ರ ಡಿಸೆಂಬರ್ 2ರ ನಸುಕಿನಲ್ಲಿ, ಮೇಟ್ಟುಪಾಳೆಯದ ನಡೂರಿನ ದಲಿತ ಕೇರಿಯ ಮೇಲೆ ಪಕ್ಕದ ಬಂಗಲೆಯ ಎತ್ತರದ ಕಲ್ಲಿನ ಗೋಡೆ ಮಳೆಗೆ ಕುಸಿದು ಮಲಗಿದ್ದ 17 ಮಂದಿ ಸತ್ತರು. ಗೋಡೆಯ ಅಪಾಯವನ್ನು ಕೇರಿಯವರು ಮೊದಲೇ ಹೇಳಿದ್ದರು. ಅದನ್ನು ಅವರು ಅಸ್ಪೃಶ್ಯತೆಯ ಗೋಡೆಯೆಂದೇ ಕರೆದರು. ತನ್ನ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ತಂದೆಯೊಬ್ಬರು ಆ ಮಕ್ಕಳ ಕಣ್ಣುಗಳನ್ನು ದಾನ ಮಾಡಿದರು. ಆಸ್ಪತ್ರೆಯೆದುರು ನ್ಯಾಯ ಕೇಳಿ ಕುಳಿತವರ ಮೇಲೆ ಪೊಲೀಸರು ಲಾಠಿ ಬೀಸಿದರು, ತಮಿಳ್ ಪುಲಿಗಳ್ ಸಂಘಟನೆಯ ನಾಯಕ ನಾಗೈ ತಿರುವಳ್ಳುವನ್ ಅವರ ಬಂಧನವಾಯಿತು. ಜಾಮೀನಿಗೆ ಓಡಾಡಬಲ್ಲ ವಕೀಲರು ಸ್ಥಳೀಯ ಸಂಘವೊಂದಕ್ಕೆ ಎಷ್ಟು ಅಗತ್ಯವೆಂಬುದು ಇಂಥ ದಿನಗಳಲ್ಲಿ ಗೊತ್ತಾಗುತ್ತದೆ.

ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ 2018ರಲ್ಲಿ ಅರುಂಧತಿಯರ್ ಮಹಿಳೆಯೊಬ್ಬರು ಬಿಸಿಯೂಟದ ಅಡುಗೆಗೆ ಬಂದಾಗ ಮೇಲ್ಜಾತಿಯ ಪೋಷಕರು ತಡೆದರು, ಅಧಿಕಾರಿಗಳು ಆಕೆಯನ್ನೇ ವರ್ಗ ಮಾಡಿದರು. ತಮಿಳುನಾಡು ಅಸ್ಪೃಶ್ಯತಾ ನಿರ್ಮೂಲನ ರಂಗ ಮತ್ತಿತರ ಸಂಘಟನೆಗಳು ಬೀದಿಗಿಳಿದ ಮೇಲೆ ವರ್ಗಾವಣೆ ರದ್ದಾಗಿ, ದೌರ್ಜನ್ಯ ತಡೆ ಕಾಯಿದೆಯಡಿ ಮೊಕದ್ದಮೆ ದಾಖಲಾಯಿತು. 2016ರ ಮಾರ್ಚ್ 13ರಂದು ಉಡುಮಲಪೇಟೆಯ ಬಸ್ ನಿಲ್ದಾಣದ ಬಳಿ ಜಾತಿ ಮೀರಿ ಮದುವೆಯಾದ ದಲಿತ ಯುವಕ ಶಂಕರ್ ಹಾಡುಹಗಲಲ್ಲೇ ಹತ್ಯೆಯಾದಾಗ ಬದುಕುಳಿದ ಪತ್ನಿ ಕೌಸಲ್ಯಾ, ಶಂಕರನ ಹೆಸರಿನಲ್ಲಿ ಸಾಮಾಜಿಕ ನ್ಯಾಯದ ಟ್ರಸ್ಟ್ ಕಟ್ಟಿ, ಮರ್ಯಾದೆಯ ಹೆಸರಿನ ಹತ್ಯೆಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಊರೂರಲ್ಲಿ ಮಾತಾಡಿದರು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ತುಟ್ಟಿಭತ್ಯೆಗಾಗಿ 1984ರಲ್ಲಿ 127 ದಿನ ಮುಷ್ಕರ ನಡೆದಿತ್ತು. ಅನಂತರ ಕೆಲಸ ಸಣ್ಣ ಸಣ್ಣ ಘಟಕಗಳಿಗೆ ಹಂಚಿಹೋಗಿ, ಸಂಘ ಕಟ್ಟುವುದೇ ದುಸ್ತರವಾಯಿತು. ಇದೇ ಸೀಮೆಯ ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ ಯೋಜನೆ’ ಬೆಳೆಯಿತು: ಬಡವರ, ಹೆಚ್ಚಾಗಿ ದಲಿತರ, ಹೆಣ್ಣುಮಕ್ಕಳನ್ನು ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆ ಖರ್ಚಿಗೆಂದು ಒಂದು ಗಂಟು ಕೊಡುವ ಪದ್ಧತಿ ಅದು. ಮಧ್ಯದಲ್ಲಿ ಬಿಟ್ಟುಹೋದರೆ ಆ ಗಂಟೂ ಹೋಗುತ್ತಿತ್ತು. ತಿರುಪ್ಪೂರಿನ ‘ಸೇವ್’, ಕೊಯಮತ್ತೂರಿನ ‘ಕೇರ್-ಟಿ’ ಎಂಬ ಸಂಸ್ಥೆಗಳು ಹಳ್ಳಿಗಳಲ್ಲಿ ಈ ಹುಡುಗಿಯರನ್ನು ಕಂಡು ಅವರ ಮಾತನ್ನು ದಾಖಲಿಸುವ ಕೆಲಸಕ್ಕೆ ಇಳಿದವು; 2011 ಮತ್ತು 2014ರಲ್ಲಿ ನೆದರ್ಲ್ಯಾಂಡ್ಸಿನ ಎರಡು ಸಂಸ್ಥೆಗಳು ಈ ಪದ್ಧತಿಯ ಕುರಿತು ಪ್ರಕಟಿಸಿದ ವರದಿಗಳು ಯುರೋಪಿನ ಉಡುಪು ಕಂಪನಿಗಳನ್ನು ಉತ್ತರ ಕೊಡುವ ಸ್ಥಿತಿಗೆ ತಂದವು. ದೂರದವರ ನೆರವು ನಿಜಕ್ಕೂ ಕೆಲಸ ಮಾಡುವುದು ಇಲ್ಲಿಯೇ. ಕಾರ್ಖಾನೆಯ ಗೇಟಿನಲ್ಲಿ ಕೇಳದ ದನಿ ಕೊಳ್ಳುವವನ ಊರಿನಲ್ಲಿ ಕೇಳಬಲ್ಲದು. ನೆರೆಯ ದಿಂಡಿಗಲ್ಲಿನಲ್ಲಿ, ತಿರುಪ್ಪೂರಿನ ರಫ್ತು ಸಂಸ್ಥೆಯೊಂದರ ಘಟಕದಲ್ಲಿ, ದಲಿತ ಕಾರ್ಮಿಕ ಯುವತಿಯ ಕೊಲೆಯಾದ ಮೇಲೆ ಮಹಿಳೆಯರೇ ಮುನ್ನಡೆಸುವ ಸಂಘವೊಂದು 2022ರಲ್ಲಿ ಕಂಪನಿ ಮತ್ತು ವಿದೇಶಿ ಬ್ರ್ಯಾಂಡುಗಳೊಡನೆ ಲೈಂಗಿಕ ದೌರ್ಜನ್ಯ ತಡೆಯುವ ಒಪ್ಪಂದ ಮಾಡಿಕೊಂಡದ್ದಕ್ಕೂ ಇದೇ ಬಲ ಒದಗಿತು.

ಹೊರಗಿನಿಂದ ಬರುತ್ತಿದ್ದ ಹಣಕ್ಕೆ ಮಾತ್ರ 2020ರಲ್ಲೇ ಕಡಿವಾಣ ಬಿದ್ದಿತ್ತು. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಆ ವರ್ಷದ ತಿದ್ದುಪಡಿ, ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು, ಹಣವೆಲ್ಲ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕೆಂದು ವಿಧಿಸಿತು. ನಗರದ ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಗುಂಪಿಗೆ ಹರಿಯುತ್ತಿದ್ದ ಕಾಲುವೆ ಇದರಿಂದ ಮುಚ್ಚಿತು. ಸದಸ್ಯರ ಚಂದಾದ ಮೇಲೆ ನಿಂತ ಸಂಘಗಳಿಗೆ ಇದು ತಟ್ಟಲಿಲ್ಲ. ಯೋಜನೆಗೆಂದು ಹುಟ್ಟಿ ಯೋಜನೆಯೊಡನೆ ಮುಗಿಯುತ್ತಿದ್ದ ಗುಂಪುಗಳಿಗೆ ತಟ್ಟಿತು. ಇವೆರಡರ ನಡುವೆ ಇದ್ದವರು, ಎಂದರೆ ಚಂದಾ ಕೊಡಲಾರದಷ್ಟು ಬಡವರಾದ ಸದಸ್ಯರನ್ನು ಕಟ್ಟಿಕೊಂಡು ಪ್ರಾಮಾಣಿಕವಾಗಿ ದುಡಿಯುತ್ತಿದ್ದವರು, ಹೆಚ್ಚು ಸೋತರು.

ಈಗ ಆ ಬಡವರ ಪಂಕ್ತಿಗೆ ಒಡಿಶಾ, ಬಿಹಾರಗಳಿಂದ ಬಂದವರೂ ಸೇರಿದ್ದಾರೆ. 2023ರ ಮಾರ್ಚಿನಲ್ಲಿ, ತಮಿಳುನಾಡಿನಲ್ಲಿ ಬಿಹಾರಿಗಳನ್ನು ಹೊಡೆದು ಕೊಲ್ಲುತ್ತಿದ್ದಾರೆಂಬ ಸುಳ್ಳು ವೀಡಿಯೊಗಳು ಹರಡಿದಾಗ ತಿರುಪ್ಪೂರಿನ ಪೊಲೀಸರು ಹಿಂದಿಯಲ್ಲಿ ಸಹಾಯವಾಣಿ ತೆರೆದು ಭರವಸೆ ಕೊಡಬೇಕಾಯಿತು. ಮೂರು ಪೀಳಿಗೆಯ ಹಿಂದೆ ಗಿರಣಿ ಗೇಟಿನಲ್ಲಿ ತಮಿಳು, ತೆಲುಗು, ಕನ್ನಡ ಮಾತಿನವರನ್ನು ಒಟ್ಟಿಗೆ ನಿಲ್ಲಿಸಿದ ಸಂಘಗಳಲ್ಲಿ ಈ ಹೊಸಬರ ಭಾಷೆ ಬಲ್ಲ ಪದಾಧಿಕಾರಿಗಳು ಇನ್ನೂ ವಿರಳ.